ನಾಲ್ಕು ಚಕ್ರ ಚಾಲನೆಯ ವಾಹನಗಳ ಮುಂಭಾಗದ ಆಕ್ಸಲ್‌ಗೆ ಮನೆಯಲ್ಲಿ ಬೆಸುಗೆ ಹಾಕುವ ಬಗ್ಗೆ ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ವಿಜಯಪುರ ನಗರ ಹಾಗೂ ಹಿಂದೆ ವಿಜಯಪುರ ತಾಲ್ಲೂಕಿನ ಭಾಗವಾಗಿದ್ದು ಈಗ ಪ್ರತ್ಯೇಕ ತಾಲ್ಲೂಕುಗಳಾಗಿರುವ ತಿಕೋಟಾ ಮತ್ತು ಬಬಲೇಶ್ವರ ಪ್ರದೇಶಗಳ ವಾಹನಗಳು ಕೆಎ-28 ಸಂಕೇತದಡಿ ನೋಂದಣಿಯಾಗುತ್ತವೆ. ಎರೆ ಭೂಮಿಯ ಹೊಲದ ದಾರಿಗಳು ಮಳೆಗಾಲದಲ್ಲಿ ಕೆಸರಾಗುತ್ತವೆ. ಬೇಸಿಗೆಯಲ್ಲಿ ಅದೇ ದಾರಿ ಒಣಗಿ, ಗಾಲಿಯ ಜಾಡುಗಳು ಆಳವಾದ ಗಟ್ಟಿ ಗುಂಡಿಗಳಾಗಿ ಉಳಿಯುತ್ತವೆ. ಇಂತಹ ದಾರಿಗಳಲ್ಲಿ ದ್ರಾಕ್ಷಿ ತೋಟಗಳಿಗೂ ಹೊಲಗಳಿಗೂ ಓಡಾಡುವ ಜೀಪು ಮಾದರಿಯ ವಾಹನಗಳ ಮುಂಭಾಗದ ಆಕ್ಸಲ್, ಅಂದರೆ ಅಚ್ಚು, ಬಾಗುವುದು ಅಥವಾ ಬಿರುಕು ಬಿಡುವುದು ಸಂಭವನೀಯ. ಅದನ್ನು ಬಲಪಡಿಸಲು ಕಬ್ಬಿಣದ ಪಟ್ಟಿಗಳನ್ನು ಮನೆಯಲ್ಲಿಯೇ ಬೆಸೆಯಲು ಯೋಚಿಸುವವರು, ಕೆಲಸಕ್ಕೆ ಮೊದಲು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಅವಶ್ಯ.

2. ಯಾವ ವಾಹನಗಳಿಗೆ ಅನ್ವಯ

ಹಳೆಯ ಮಹೀಂದ್ರಾ ಜೀಪುಗಳು ಮತ್ತು ಮಾರುತಿ ಜಿಪ್ಸಿ ವಾಹನಗಳಲ್ಲಿ ಮುಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಆಕ್ಸಲ್ ಜೋಡಿಸುತ್ತದೆ. ಅದು ಪಾಟಾ ಸ್ಪ್ರಿಂಗ್‌ಗಳ ಮೇಲೆ ಕುಳಿತಿರುತ್ತದೆ. 2020ರಲ್ಲಿ ಬಿಡುಗಡೆಯಾದ ಮಹೀಂದ್ರಾ ಥಾರ್ ವಾಹನದಲ್ಲಿ ಮುಂದಿನ ಪ್ರತಿ ಚಕ್ರಕ್ಕೂ ಪ್ರತ್ಯೇಕ ಸಸ್ಪೆನ್ಷನ್ ಇರುವುದರಿಂದ ಅಂತಹ ಗಟ್ಟಿ ಆಕ್ಸಲ್ ಇರುವುದಿಲ್ಲ. ಈ ಮಾಹಿತಿಯು ಮುಖ್ಯವಾಗಿ ಗಟ್ಟಿ ಆಕ್ಸಲ್ ಉಳ್ಳ ವಾಹನಗಳಿಗೆ ಸಂಬಂಧಿಸಿದೆ.

3. ಬೆಸುಗೆಯಿಂದ ಉಂಟಾಗುವ ದೋಷಗಳು

ಜೀಪು ಮಾದರಿಯ ಆಕ್ಸಲ್ ಒಂದೇ ಬಗೆಯ ಲೋಹದಿಂದ ಮಾಡಿದ್ದಲ್ಲ. ಡಿಫರೆನ್ಷಿಯಲ್ ಇರುವ ಮಧ್ಯದ ಪೆಟ್ಟಿಗೆ ಎರಕದ್ದು, ಎರಡು ಬದಿಯ ಕೊಳವೆಗಳು ಉಕ್ಕಿನವು, ಚಕ್ರ ತಿರುಗುವ ತುದಿಯ ಭಾಗಗಳು ಬಡಿದು ರೂಪಿಸಿದ ಉಕ್ಕಿನವು. ಇವೆಲ್ಲವನ್ನೂ ಒಂದೇ ರಾಡಿನಿಂದ ಒಂದೇ ರೀತಿ ಬೆಸೆದಲ್ಲಿ ಈ ಕೆಳಗಿನ ದೋಷಗಳು ಉಂಟಾಗಬಹುದು.

ಅ) ಎರಕದ ಲೋಹವನ್ನು ಮೊದಲು ಸಮನಾಗಿ ಕಾಯಿಸದೆ ಬೆಸೆದು, ಬೇಗನೆ ಆರಲು ಬಿಟ್ಟರೆ ಬೆಸುಗೆಯ ಪಕ್ಕದ ಭಾಗ ಗಡುಸಾಗಿ ಪೆಡಸಾಗುತ್ತದೆ. ಮೇಲ್ನೋಟಕ್ಕೆ ಬೆಸುಗೆ ಚೆನ್ನಾಗಿ ಕಂಡರೂ ಅದರ ಅಂಚಿನಲ್ಲಿ ಕೂದಲೆಳೆಯಂತಹ ಬಿರುಕು ಮೂಡಬಹುದು.

ಆ) ಬೆಸುಗೆ ಆರುವಾಗ ಕುಗ್ಗುತ್ತದೆ. ಕೊಳವೆಯ ಒಂದೇ ಬದಿಗೆ ಉದ್ದಕ್ಕೂ ಬೆಸುಗೆ ಹಾಕಿದಲ್ಲಿ ಕೊಳವೆ ಆ ಬದಿಗೆ ಬಾಗುತ್ತದೆ. ಆಗ ಚಕ್ರಗಳ ಓರೆ ಬದಲಾಗಿ ಟೈರುಗಳು ಒಂದೇ ಅಂಚಿನಲ್ಲಿ ಸವೆಯುತ್ತವೆ ಮತ್ತು ಸ್ಟೀರಿಂಗ್ ಒಂದು ಬದಿಗೆ ಎಳೆಯುತ್ತದೆ.

ಇ) ಬೆಸುಗೆಯ ವಿದ್ಯುತ್ ಪ್ರವಾಹ ಬೇರಿಂಗ್‌ಗಳ ಮೂಲಕ ಹರಿದರೆ ಅವುಗಳ ನುಣುಪು ಮೇಲ್ಮೈ ಹಾಳಾಗುತ್ತದೆ. ಶಾಖದಿಂದ ರಬ್ಬರ್ ಸೀಲ್‌ಗಳು ಸುಟ್ಟು ಎಣ್ಣೆ ಸೋರುತ್ತದೆ. ಸೋರಿದ ಎಣ್ಣೆ ಬ್ರೇಕಿಗೆ ತಗಲುವ ಅಪಾಯವೂ ಉಂಟು.

ಈ) ಒಂದು ಭಾಗವನ್ನು ಗಟ್ಟಿ ಮಾಡಿದ ಮಾತ್ರಕ್ಕೆ ಪೆಟ್ಟು ಇಲ್ಲದಂತಾಗುವುದಿಲ್ಲ. ಅದು ಮುಂದಿನ ದುರ್ಬಲ ಭಾಗಕ್ಕೆ, ಅಂದರೆ ಸ್ಟೀರಿಂಗ್ ಕೊಂಡಿಗೆ, ಚಕ್ರದ ಬೇರಿಂಗಿಗೆ ಅಥವಾ ಚಾಸಿಗೆ ವರ್ಗವಾಗುತ್ತದೆ.

ಉ) ಚಾಸಿ ಸಂಖ್ಯೆ ಕೊರೆದಿರುವ ಜಾಗದ ಬಳಿ ಬೆಸುಗೆ ಹಾಕುವುದರಿಂದ ಅಥವಾ ಗ್ರೈಂಡರ್ ಬಳಸುವುದರಿಂದ ಆ ಸಂಖ್ಯೆ ಅಳಿಸಿಹೋದಲ್ಲಿ ವಾಹನದ ಗುರುತನ್ನು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ಹೊಲದ ದಾರಿಯಲ್ಲಿ ನಿಧಾನವಾಗಿ ಚಲಿಸುವಾಗ ಇಂತಹ ದೋಷಗಳು ತಿಳಿದುಬರದೆ ಇರಬಹುದು. ಅದೇ ವಾಹನ ತಿಕೋಟಾ ಮಾರ್ಗವಾಗಿ ಅಥಣಿ ರಸ್ತೆಯಲ್ಲಿ ಅಥವಾ ಬಬಲೇಶ್ವರ ಮಾರ್ಗವಾಗಿ ಜಮಖಂಡಿ ರಸ್ತೆಯಲ್ಲಿ ವೇಗವಾಗಿ ಹೋಗುತ್ತಿರುವಾಗ ಆಕ್ಸಲ್ ತುದಿ ಮುರಿದಲ್ಲಿ ಚಾಲಕನು ವಾಹನದ ನಿಯಂತ್ರಣವನ್ನು ಕಳೆದುಕೊಳ್ಳುತ್ತಾನೆ. ಇದರ ಪರಿಣಾಮ ವಾಹನದಲ್ಲಿರುವವರಿಗೆ ಮಾತ್ರ ಸೀಮಿತವಾಗದೆ ಎದುರಿನಿಂದ ಬರುವ ದ್ವಿಚಕ್ರ ಸವಾರರಿಗೂ ಪಾದಚಾರಿಗಳಿಗೂ ತಟ್ಟುತ್ತದೆ.

4. ಕಾನೂನಿನ ಅವಕಾಶಗಳು

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರನ್ವಯ, ನೋಂದಣಿ ಪ್ರಮಾಣ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ವಾಹನದ ಮೂಲ ಲಕ್ಷಣ ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯೇ ಮಾರ್ಪಾಡು ಎಂದು ಇದೇ ಕಲಂ ವಿವರಿಸುತ್ತದೆ. ತಯಾರಕರ ಮೂಲ ನಿರ್ದಿಷ್ಟತೆಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲವೆಂದು ಮಾನ್ಯ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ತೀರ್ಪು ನೀಡಿದೆ.

2019ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 182ಎ(4)ರ ಪ್ರಕಾರ, ಅನುಮತಿಯಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಅಥವಾ ಹೊಸ ಭಾಗಗಳನ್ನು ಅಳವಡಿಸುವ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಸಾರ್ವಜನಿಕ ಸ್ಥಳದಲ್ಲಿ ಬಳಸಲು ಅಪಾಯಕಾರಿಯಾದ ವಾಹನದ ನೋಂದಣಿಯನ್ನು ಕಲಂ 53ರಡಿ ಅಮಾನತುಗೊಳಿಸಲು ಅವಕಾಶವಿದೆ. ದೋಷವಿದೆಯೆಂದು ತಿಳಿದೂ ಅಪಾಯಕಾರಿ ವಾಹನವನ್ನು ಚಲಾಯಿಸುವುದು ಕಲಂ 190ರಡಿ ಅಪರಾಧವಾಗಿರುತ್ತದೆ.

5. ದುರಸ್ತಿ ಮತ್ತು ಮಾರ್ಪಾಡಿನ ವ್ಯತ್ಯಾಸ

ಬಾಗಿದ ಅಥವಾ ಬಿರುಕು ಬಿಟ್ಟ ಆಕ್ಸಲ್ ತೆಗೆದು, ಅದೇ ಮಾದರಿಗೆ ತಯಾರಕರು ನಿಗದಿಪಡಿಸಿದ ಆಕ್ಸಲ್ ಅಳವಡಿಸುವುದು ದುರಸ್ತಿ. ಮೂಲ ವಿನ್ಯಾಸದಲ್ಲಿಲ್ಲದ ಪಟ್ಟಿ, ಕಮಾನು ಅಥವಾ ಆಧಾರಗಳನ್ನು ಬೆಸೆಯುವುದು, ಬೇರೆ ವಾಹನದ ಆಕ್ಸಲ್ ಹಾಕುವುದು, ವಾಹನದ ಎತ್ತರ ಬದಲಿಸುವುದು ದುರಸ್ತಿಯ ಮಿತಿಯನ್ನು ಮೀರುತ್ತವೆ. ಇಂತಹ ಕೆಲಸದ ಬಗ್ಗೆ ಸಂದೇಹವಿದ್ದಲ್ಲಿ ಮೊದಲೇ ನೋಂದಣಿ ಪ್ರಾಧಿಕಾರಕ್ಕೆ ಲಿಖಿತವಾಗಿ ಕೇಳಿ ಸ್ಪಷ್ಟಪಡಿಸಿಕೊಳ್ಳುವುದು.

6. ಮಾಲೀಕರು ಅನುಸರಿಸಬೇಕಾದ ಕ್ರಮಗಳು

• ಟೈರಿನ ಒಂದೇ ಅಂಚು ಸವೆಯುವುದು, ವಾಹನ ಒಂದು ಬದಿಗೆ ಎಳೆಯುವುದು, ಚಕ್ರದ ತುದಿಯಲ್ಲಿ ಎಣ್ಣೆ ಸೋರುವುದು ಕಂಡುಬಂದಲ್ಲಿ ಕೂಡಲೇ ಆಕ್ಸಲ್ ಪರೀಕ್ಷಿಸಿಕೊಳ್ಳತಕ್ಕದ್ದು.
• ತಯಾರಕರ ದುರಸ್ತಿ ಕೈಪಿಡಿಯಲ್ಲಿ ಅವಕಾಶವಿರುವ ಬೆಸುಗೆಯನ್ನು ಮಾತ್ರ, ಆಕ್ಸಲ್ ಬಿಚ್ಚಿ, ಅನುಭವವುಳ್ಳ ವರ್ಕ್‌ಶಾಪಿನಲ್ಲಿ ಮಾಡಿಸತಕ್ಕದ್ದು. ಆನಂತರ ಚಕ್ರಗಳ ಅಲೈನ್‌ಮೆಂಟ್ ಪರೀಕ್ಷೆ ಅವಶ್ಯ.
• ಬಿಡಿಭಾಗ ಮತ್ತು ಕೂಲಿಯ ರಸೀದಿಗಳನ್ನು ಕಾಯ್ದಿರಿಸಿಕೊಳ್ಳುವುದು.
• ಹೊರೆ ಮಿತಿ ಮೀರದಂತೆ ಹಾಗೂ ನಿಗದಿತ ಅಳತೆಗಿಂತ ದೊಡ್ಡ ಟೈರುಗಳನ್ನು ಹಾಕದಂತೆ ನೋಡಿಕೊಳ್ಳುವುದು. ಆಕ್ಸಲ್ ಬಾಗಲು ಇವು ಮುಖ್ಯ ಕಾರಣಗಳು.

7. 15 ವರ್ಷ ಪೂರೈಸಿದ ವಾಹನಗಳ ನೋಂದಣಿ ನವೀಕರಣ

ಸಾರಿಗೇತರ ವಾಹನದ ನೋಂದಣಿ 15 ವರ್ಷಗಳವರೆಗೆ ಊರ್ಜಿತದಲ್ಲಿರುತ್ತದೆ. ನಂತರ 5 ವರ್ಷಗಳ ಅವಧಿಗೆ ನವೀಕರಿಸಬಹುದಾಗಿದೆ. ಅವಧಿ ಮುಗಿಯುವ ದಿನಾಂಕಕ್ಕೆ ಮುಂಚಿನ 60 ದಿನಗಳೊಳಗೆ ನಮೂನೆ-25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ತಪಾಸಣೆಗೆ ಹಾಜರುಪಡಿಸತಕ್ಕದ್ದು. ಅರ್ಜಿಯೊಂದಿಗೆ ನೋಂದಣಿ ಪ್ರಮಾಣ ಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ, ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ ಹಾಗೂ ನಿಗದಿತ ಶುಲ್ಕ ಅವಶ್ಯ. ಹಳೆಯ ಜೀಪುಗಳ ಮಾಲೀಕರು ತಪಾಸಣೆಗೆ ಮುನ್ನವೇ ಆಕ್ಸಲ್ ದುರಸ್ತಿ ಮಾಡಿಸಿಕೊಳ್ಳುವುದು ಸೂಕ್ತ. ದೋಷವನ್ನು ಬಣ್ಣ ಬಳಿದು ಮರೆಮಾಚುವುದರಿಂದ ಅದು ಸರಿಹೋಗುವುದಿಲ್ಲ.

8. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವಾಹನವನ್ನು ಹೊಲದಲ್ಲಿ ಮಾತ್ರ ಬಳಸಿದರೆ ನಿಯಮ ಅನ್ವಯಿಸುವುದೇ?
ಉತ್ತರ: ಕಲಂ 39ರನ್ವಯ ಸಾರ್ವಜನಿಕ ಸ್ಥಳದಲ್ಲಾಗಲಿ ಇತರ ಸ್ಥಳದಲ್ಲಾಗಲಿ ನೋಂದಣಿಯಿಲ್ಲದೆ ಮೋಟಾರು ವಾಹನ ಚಲಾಯಿಸುವಂತಿಲ್ಲ. ಹೊಲದಿಂದ ಹೊಲಕ್ಕೆ ಹೋಗುವಾಗ ರಸ್ತೆ ದಾಟಿದರೂ ಅದು ಸಾರ್ವಜನಿಕ ಸ್ಥಳವೇ ಆಗಿರುತ್ತದೆ.

ಪ್ರಶ್ನೆ: ಖರೀದಿಸಿದ ಹಳೆಯ ಜೀಪಿನ ಆಕ್ಸಲ್‌ಗೆ ಹಿಂದಿನ ಮಾಲೀಕರು ಬೆಸುಗೆ ಹಾಕಿಸಿದ್ದರೆ ಏನು ಮಾಡಬೇಕು?
ಉತ್ತರ: ದೋಷ ತಿಳಿದ ಮೇಲೆ ವಾಹನವನ್ನು ರಸ್ತೆಗೆ ಇಳಿಸುವವರೇ ಹೊಣೆಗಾರರಾಗುತ್ತಾರೆ. ಖರೀದಿಗೆ ಮುನ್ನ ವಾಹನದ ಕೆಳಭಾಗವನ್ನು ಪರಿಣಿತರಿಂದ ಪರೀಕ್ಷಿಸಿಕೊಳ್ಳುವುದು; ಈಗಾಗಲೇ ಖರೀದಿಸಿದ್ದಲ್ಲಿ ಮೂಲ ಮಾದರಿಯ ಆಕ್ಸಲ್ ಅಳವಡಿಸಿಕೊಳ್ಳುವುದು.

ಪ್ರಶ್ನೆ: ಅದೇ ಮಾದರಿಯ ಹೊಸ ಆಕ್ಸಲ್ ಬಹಳ ದುಬಾರಿಯಾದರೆ ಬೇರೆ ದಾರಿಯಿದೆಯೇ?
ಉತ್ತರ: ಅದೇ ಮಾದರಿಯ, ಬಾಗದ ಹಾಗೂ ಬಿರುಕಿಲ್ಲದ ಬಳಸಿದ ಆಕ್ಸಲ್ ಅನ್ನು ಪರೀಕ್ಷಿಸಿ ರಸೀದಿಯೊಂದಿಗೆ ಪಡೆಯಬಹುದು. ಅಲ್ಲಿಯವರೆಗೆ ವಾಹನವನ್ನು ರಸ್ತೆಗೆ ಇಳಿಸದಿರುವುದೇ ಕ್ಷೇಮ.

ಹೆಚ್ಚಿನ ಮಾಹಿತಿಗಾಗಿ ವಿಜಯಪುರದ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದಾಗಿದೆ.