ಕೇಸುಗಳು ಹೆಚ್ಚಾದರೆ ಅಪರಾಧ ಹೆಚ್ಚಾಯಿತು ಎಂದೇ ಅರ್ಥವೇ?

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ, ಅಂದರೆ ಎನ್‌ಸಿಆರ್‌ಬಿ, ತನ್ನ 'ಕ್ರೈಮ್ ಇನ್ ಇಂಡಿಯಾ' ವರದಿಯನ್ನು ಹೊರತಂದಾಗಲೆಲ್ಲ ಒಂದೇ ಬಗೆಯ ಸಂದೇಶಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ: ಯಾವ ರಾಜ್ಯ ಅತಿ ಅಪಾಯಕಾರಿ, ಯಾವ ನಗರ ಯಾವುದರ 'ರಾಜಧಾನಿ'. 2022ರ ವರದಿಯ ಪ್ರಕಾರ ಮಹಾನಗರಗಳ ಪೈಕಿ ಅತಿ ಹೆಚ್ಚು ಸೈಬರ್ ಅಪರಾಧ ಪ್ರಕರಣಗಳು ದಾಖಲಾದದ್ದು ಬೆಂಗಳೂರಿನಲ್ಲಿ, 9,940. ಇಡೀ ಕರ್ನಾಟಕದಲ್ಲಿ ಆ ವರ್ಷ ದಾಖಲಾದದ್ದು 12,556. ಹಾಗಾದರೆ ರಾಜ್ಯದ ಉಳಿದ ಜಿಲ್ಲೆಗಳಲ್ಲಿ ಸೈಬರ್ ವಂಚನೆ ಅಷ್ಟು ಕಡಿಮೆಯೇ? ಮಂಗಳೂರು, ಹುಬ್ಬಳ್ಳಿ, ಕಲಬುರಗಿಯವರಿಗೆ ಒಟಿಪಿ ಕೇಳುವ ಕರೆಗಳು ಬರುವುದಿಲ್ಲವೇ?

ಬರುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಪಟ್ಟಿ ನಡೆದ ಅಪರಾಧಗಳದ್ದಲ್ಲ, ದಾಖಲಾದ ಪ್ರಕರಣಗಳದ್ದು. ಅಪರಾಧ ಹೆಚ್ಚುವುದೂ ಪೊಲೀಸರು ಅಪರಾಧ ದಾಖಲಿಸುವುದು ಹೆಚ್ಚುವುದೂ ಎರಡು ಬೇರೆ ಸಂಗತಿಗಳು ಎಂದು ಎನ್‌ಸಿಆರ್‌ಬಿ ತನ್ನ ವರದಿಯಲ್ಲೇ ಎಚ್ಚರಿಸುತ್ತದೆ. ಆ ಪುಟವನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಅಷ್ಟೇ.

ಒಂದು ಘಟನೆ ಅಂಕಿಯಾಗುವ ದಾರಿ

ಒಂದು ವಂಚನೆ ಈ ಪಟ್ಟಿಗೆ ಸೇರಬೇಕಾದರೆ ಮೊದಲು ಹಣ ಕಳೆದುಕೊಂಡವರಿಗೆ ತಾವು ಮೋಸಹೋದದ್ದು ತಿಳಿಯಬೇಕು. ನಾಚಿಕೆ, ಭಯ, 'ಮನೆಯವರು ಏನಂದಾರು' ಎಂಬ ಅಳುಕನ್ನು ಮೀರಿ ಅವರು ದೂರು ಕೊಡಬೇಕು. ಠಾಣೆಯವರು ಅದನ್ನು ಎಫ್‌ಐಆರ್ ಮಾಡಬೇಕು, ಸರಿಯಾದ ಕಲಂ ಹಾಕಬೇಕು. ಇದರಲ್ಲಿ ಯಾವ ಮೆಟ್ಟಿಲು ತಪ್ಪಿದರೂ ಆ ಅಪರಾಧ ಲೆಕ್ಕಕ್ಕೆ ಸಿಗುವುದಿಲ್ಲ. ಹೀಗೆ ಲೆಕ್ಕದಿಂದ ಹೊರಗುಳಿಯುವುದನ್ನು ಅಪರಾಧಶಾಸ್ತ್ರದಲ್ಲಿ 'ಕತ್ತಲ ಅಂಕಿ' ಎನ್ನುತ್ತಾರೆ.

ಇದರ ಜೊತೆಗೆ ಎಣಿಕೆಯ ನಿಯಮವೊಂದಿದೆ. ಒಂದೇ ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಹೆಚ್ಚು ಶಿಕ್ಷೆಯಿರುವ ಒಂದನ್ನು ಮಾತ್ರ ಎಣಿಸಲಾಗುತ್ತದೆ. ಅತ್ಯಾಚಾರ ಮಾಡಿ ಕೊಂದ ಪ್ರಕರಣ ಬಹುಕಾಲ ಬರೀ 'ಕೊಲೆ' ಎಂದು ಎಣಿಕೆಯಾಗುತ್ತಿತ್ತು. 2017ರ ವರದಿಯಿಂದ ಅದಕ್ಕೆ ಪ್ರತ್ಯೇಕ ಸಾಲು ಸಿಕ್ಕಿತು.

ಬೆಂಗಳೂರಿನ ವಿಷಯಕ್ಕೆ ಬಂದರೆ, ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಶುರುವಾದದ್ದು ಇಲ್ಲೇ. ಈಗ ನಗರದ ವಿಭಾಗವಾರು ಸೈಬರ್ ಠಾಣೆಗಳಿವೆ. ಆನ್‌ಲೈನ್ ವ್ಯವಹಾರವೂ ಇಲ್ಲಿ ಹೆಚ್ಚು, ಆದ್ದರಿಂದ ವಂಚನೆಯೂ ನಿಜಕ್ಕೂ ಹೆಚ್ಚಿರಬಹುದು. ಆದರೆ ಎಷ್ಟು ಭಾಗ ವಂಚನೆಯದು, ಎಷ್ಟು ಭಾಗ ದೂರು ಕೊಡುವ ಅನುಕೂಲದ್ದು ಎಂಬುದನ್ನು ಆ ಒಂದು ಅಂಕಿಯಿಂದ ಬಿಡಿಸಲಾಗದು. ದೂರು ಸ್ವೀಕರಿಸದ ಊರು ಪಟ್ಟಿಯಲ್ಲಿ ಸದಾ ಶಾಂತವಾಗಿಯೇ ಕಾಣುತ್ತದೆ.

ಸಂತ್ರಸ್ತರನ್ನೇ ಕೇಳಿದರೆ?

ಅಪರಾಧದ ಅಧ್ಯಯನ ಬಹುಕಾಲ ಅಪರಾಧಿಯ ಸುತ್ತಲೇ ತಿರುಗಿತು. ಇಟಲಿಯ ವೈದ್ಯ ಚೆಸಾರೆ ಲೊಂಬ್ರೊಸೊ 1876ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಲೆಬುರುಡೆ, ದವಡೆಗಳ ಆಕಾರದಲ್ಲಿ ಅಪರಾಧಿಯ ಗುರುತು ಹುಡುಕಿದ್ದ. ಆ ವಾದ ನಿಲ್ಲಲಿಲ್ಲ. 'ಮುಖ ನೋಡಿದರೇ ಕಳ್ಳ ಅಂತ ಗೊತ್ತಾಗುತ್ತೆ' ಎಂಬ ಮಾತು ಮಾತ್ರ ಇನ್ನೂ ನಮ್ಮಲ್ಲಿ ಉಳಿದಿದೆ.

ಸಂತ್ರಸ್ತರ ಕಡೆ ಗಮನ ಹರಿದದ್ದು 20ನೇ ಶತಮಾನದ ನಡುವೆ, ಬೆಂಜಮಿನ್ ಮೆಂಡೆಲ್‌ಸನ್ ಮತ್ತು ಹಾನ್ಸ್ ಫಾನ್ ಹೆಂಟಿಗ್ ಅವರ ಬರಹಗಳಿಂದ. ಆರಂಭ ಮಾತ್ರ ಅಷ್ಟೇನೂ ಚೆನ್ನಾಗಿರಲಿಲ್ಲ. ಸಂತ್ರಸ್ತರ 'ಪಾಲು' ಎಷ್ಟು ಎಂದು ಅಳೆಯುವುದೇ ಆಗ ಮುಖ್ಯ ಕೆಲಸವಾಗಿತ್ತು. ಮಾರ್ವಿನ್ ವುಲ್ಫ್‌ಗ್ಯಾಂಗ್ ಫಿಲಡೆಲ್ಫಿಯಾದ 588 ಕೊಲೆಗಳನ್ನು ಪರಿಶೀಲಿಸಿ, ಸುಮಾರು ಕಾಲುಭಾಗದಲ್ಲಿ ಮೊದಲು ಕೈ ಎತ್ತಿದವನೇ ಸತ್ತವನು ಎಂದು 1958ರಲ್ಲಿ ತೋರಿಸಿದರು. ಕೊಲೆಯ ವಿಷಯದಲ್ಲಿ ಇದಕ್ಕೆ ಅರ್ಥವಿದೆ, ಏಕೆಂದರೆ ಯಾರು ಮೊದಲು ಹೊಡೆದರು ಎಂಬುದು ಒಂದು ಘಟನೆ. ಆದರೆ ಅವರ ಶಿಷ್ಯ ಮೆನಾಕೆಮ್ ಆಮಿರ್ ಇದೇ ಅಳತೆಗೋಲನ್ನು ಅತ್ಯಾಚಾರಕ್ಕೆ ಹಚ್ಚಿದರು. ಮಹಿಳೆ ಜೊತೆಗೆ ಕುಡಿಯಲು ಒಪ್ಪಿದ್ದು, ವಾಹನ ಹತ್ತಿದ್ದು ಕೂಡ ಅವಳ 'ಪಾಲಿನ' ಲೆಕ್ಕಕ್ಕೆ ಬಂತು. 1971ರಲ್ಲಿ ಬಂದ ಆ ಪುಸ್ತಕಕ್ಕೆ ತೀವ್ರ ವಿರೋಧ ಬಂದದ್ದು ಸಹಜ. ಹೊಡೆಯುವುದೂ ವಾಹನ ಹತ್ತುವುದೂ ಒಂದೇ ತಕ್ಕಡಿಯಲ್ಲಿ ತೂಗುವ ವಸ್ತುಗಳಲ್ಲ. 'ಅಷ್ಟು ಹೊತ್ತಿನಲ್ಲಿ ಅವಳಿಗೆ ಅಲ್ಲೇನು ಕೆಲಸ' ಎನ್ನುವವರಿಗೆ ಈ ಇತಿಹಾಸ ಗೊತ್ತಿರುವುದಿಲ್ಲ, ಆದರೆ ಅವರು ಮಾಡುವ ತಪ್ಪು ಇದೇ.

ನಿಜವಾದ ಬದಲಾವಣೆ ತಂದದ್ದು ಸಮೀಕ್ಷೆಗಳು. ಅಮೆರಿಕದಲ್ಲಿ 1970ರ ದಶಕದ ಆರಂಭದಿಂದ, ಬ್ರಿಟನ್‌ನಲ್ಲಿ 1982ರಿಂದ, ಮನೆಮನೆಗೆ ಹೋಗಿ 'ಕಳೆದ ಕೆಲವು ತಿಂಗಳಲ್ಲಿ ನಿಮಗೆ ಏನಾಯಿತು, ಪೊಲೀಸರಿಗೆ ಹೇಳಿದಿರಾ' ಎಂದು ಕೇಳಲಾಗುತ್ತಿದೆ. ಇದರಿಂದ ಕತ್ತಲ ಅಂಕಿಯ ಗಾತ್ರ ಕಂಡಿತು. ಇನ್ನೊಂದು ಸಂಗತಿಯೂ ಕಂಡಿತು: ಅಪರಾಧ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ, ಒಮ್ಮೆ ಬಿದ್ದವರ ಮೇಲೇ ಮತ್ತೆ ಬೀಳುವುದು ಹೆಚ್ಚು. ಇಂಗ್ಲೆಂಡಿನ ರಾಚ್‌ಡೇಲ್‌ನ ಕಿರ್ಕ್‌ಹೋಲ್ಟ್ ಬಡಾವಣೆಯಲ್ಲಿ 1980ರ ದಶಕದಲ್ಲಿ ಕಳ್ಳತನವಾದ ಮನೆಗಳಿಗೇ ಮತ್ತೆ ಕಳ್ಳರು ನುಗ್ಗುತ್ತಿದ್ದರು. ಮನೆಗಳಲ್ಲಿ ನಾಣ್ಯ ಹಾಕುವ ಇಂಧನ ಮೀಟರುಗಳಿದ್ದವು, ಅಂದರೆ ಒಳಗೆ ಸದಾ ನಗದು. ಕಳ್ಳತನವಾದ ಮನೆಗಳ ಆ ಮೀಟರುಗಳನ್ನು ತೆಗೆಸಿ, ಬೀಗ ಭದ್ರಪಡಿಸಿ, ಅಕ್ಕಪಕ್ಕದವರಿಗೆ ನಿಗಾ ಇಡಲು ಹೇಳಿದ ಮೇಲೆ ಇಡೀ ಬಡಾವಣೆಯಲ್ಲಿ ಕಳ್ಳತನ ತೀವ್ರವಾಗಿ ಇಳಿಯಿತು.

ನಮ್ಮ ಸೈಬರ್ ವಂಚನೆಗೂ ಇದು ಹೊಂದುತ್ತದೆ. ಒಮ್ಮೆ ಹಣ ಕಳೆದುಕೊಂಡವರಿಗೆ ಸ್ವಲ್ಪ ದಿನದ ಮೇಲೆ 'ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ, ಶುಲ್ಕ ಕಟ್ಟಿ' ಎಂದು ಕರೆ ಬರುವುದುಂಟು. ವಕೀಲರು, ಅಧಿಕಾರಿಗಳು ಎಂದು ಹೇಳಿಕೊಳ್ಳುವ ಈ ಕರೆಗಳು ಎರಡನೇ ಬಲೆ.

ಭಾರತದಲ್ಲಿ ಏನಿದೆ

ಪ್ರತಿ ವರ್ಷ ದೇಶದಾದ್ಯಂತ ನಡೆಯುವ ಇಂಥ ಸಂತ್ರಸ್ತ ಸಮೀಕ್ಷೆ ನಮ್ಮಲ್ಲಿಲ್ಲ. ಹತ್ತಿರದ್ದೆಂದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅದೂ ಕೌಟುಂಬಿಕ ಹಿಂಸೆಗೆ ಮಾತ್ರ. 2019-21ರ ಸುತ್ತಿನಲ್ಲಿ, ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ಮಹಿಳೆಯರಲ್ಲಿ ಸಹಾಯ ಕೋರಿದವರು ಶೇ 14 ಮಾತ್ರ. ಶೇ 77ರಷ್ಟು ಮಂದಿ ಸಹಾಯ ಕೇಳಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ಪೊಲೀಸ್ ಅಂಕಿಗಳನ್ನು ಓದುವಾಗ ಈ 77ನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು ಎಂಬುದು ನಮ್ಮ ಅಭಿಪ್ರಾಯ.

ಹಾಗೆಂದು ಸಮೀಕ್ಷೆಯೇ ಪೂರ್ಣಸತ್ಯ ಅಲ್ಲ. ಗಂಡನಿಂದ ಹಿಂಸೆ ಅನುಭವಿಸಿದ ವಿವಾಹಿತ ಮಹಿಳೆಯರ ಪ್ರಮಾಣ ಕರ್ನಾಟಕದಲ್ಲಿ 2015-16ರಲ್ಲಿ ಶೇ 20.6 ಇತ್ತು, 2019-21ರಲ್ಲಿ ಶೇ 44.4ಕ್ಕೆ ಏರಿತು. ನಾಲ್ಕೈದು ವರ್ಷದಲ್ಲಿ ಹಿಂಸೆ ದುಪ್ಪಟ್ಟಾಯಿತೇ, ಅಥವಾ ಹೇಳುವವರು ಹೆಚ್ಚಾದರೇ? ಪ್ರಶ್ನೆ ಕೇಳಿದವರು ಯಾರು, ಪಕ್ಕದಲ್ಲಿ ಅತ್ತೆ ನಿಂತಿದ್ದರೇ ಎಂಬುದರ ಮೇಲೂ ಉತ್ತರ ಬದಲಾಗುತ್ತದೆ. ಎರಡನೇ ಅಂಕಿ ಹೆಚ್ಚು ಭಯ ಹುಟ್ಟಿಸಿದರೂ, ಮೊದಲನೆಯದೇ ತಪ್ಪಾಗಿ ಸಮಾಧಾನ ಕೊಟ್ಟಿದ್ದಿರಬಹುದು.

ಇನ್ನೊಂದು ಮಿಥ್ಯೆ, ಅತ್ಯಾಚಾರಿ ಎಂದರೆ ಕತ್ತಲ ಓಣಿಯ ಅಪರಿಚಿತ ಎಂಬುದು. ಎನ್‌ಸಿಆರ್‌ಬಿ ದಾಖಲೆಗಳಲ್ಲಿ ವರ್ಷ ವರ್ಷವೂ ಶೇ 90ಕ್ಕಿಂತ ಹೆಚ್ಚು ಅತ್ಯಾಚಾರ ಪ್ರಕರಣಗಳಲ್ಲಿ ಆರೋಪಿ ಪರಿಚಿತನೇ: ಬಂಧು, ನೆರೆಯವನು, ಸ್ನೇಹಿತ, ಕೆಲಸ ಕೊಟ್ಟವನು. ಪರಿಚಿತರ ವಿರುದ್ಧ ದೂರು ಕೊಡುವುದು ಇನ್ನೂ ಕಷ್ಟವಾದ್ದರಿಂದ, ದಾಖಲಾಗದೆ ಉಳಿದವುಗಳಲ್ಲಿ ಅವರ ಪಾಲು ಕಡಿಮೆಯಿರಲಾರದು.

ದೂರು ಕೊಡುವಾಗ ಗೊತ್ತಿರಬೇಕಾದದ್ದು

ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಹೇಳಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರಂತೆ ಘಟನೆ ಬೇರೆ ಠಾಣೆಯ ವ್ಯಾಪ್ತಿಯದ್ದಾದರೂ ದೂರು ಪಡೆಯಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಎಲೆಕ್ಟ್ರಾನಿಕ್ ರೂಪದಲ್ಲೂ ಮಾಹಿತಿ ಕಳಿಸಬಹುದು, ಆದರೆ ಮೂರು ದಿನದೊಳಗೆ ಸಹಿ ಹಾಕಬೇಕು. ಠಾಣೆ ನಿರಾಕರಿಸಿದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳಿಸಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ತನಿಖೆ ಎಲ್ಲಿಗೆ ಬಂದಿದೆ ಎಂದು 90 ದಿನದೊಳಗೆ ಸಂತ್ರಸ್ತರಿಗೆ ತಿಳಿಸಬೇಕು ಎಂದು ಕಲಂ 193 ಹೇಳುತ್ತದೆ.

ಅಪರಾಧದಿಂದ ನಷ್ಟ ಅಥವಾ ಗಾಯ ಅನುಭವಿಸಿ ಪುನರ್ವಸತಿ ಬೇಕಿರುವವರಿಗೆ ಪರಿಹಾರ ಕೊಡಲು ಕರ್ನಾಟಕದಲ್ಲಿ 2011ರಿಂದ ಸಂತ್ರಸ್ತರ ಪರಿಹಾರ ಯೋಜನೆಯಿದೆ. ಅರ್ಜಿ ಸಲ್ಲಿಸಬೇಕಾದದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. ಆರೋಪಿ ಪತ್ತೆಯಾಗದೆ ವಿಚಾರಣೆಯೇ ನಡೆಯದಿದ್ದರೂ ಅರ್ಜಿ ಹಾಕಬಹುದು, ಇದು ಬಹಳ ಮಂದಿಗೆ ತಿಳಿದಿಲ್ಲ. ಸೈಬರ್ ವಂಚನೆಯಲ್ಲಿ ಮಾತ್ರ ಮೊದಲ ಕೆಲಸ 1930ಕ್ಕೆ ಕರೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮುನ್ನ ತಡೆಹಿಡಿಯುವ ಅವಕಾಶ ಮೊದಲ ಗಂಟೆಗಳಲ್ಲೇ ಹೆಚ್ಚು. ವಹಿವಾಟಿನ ಸಂಖ್ಯೆ, ಸಮಯ, ಬ್ಯಾಂಕ್ ಹೆಸರನ್ನು ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ.