ಕೆರೆಯ ದಂಡೆಯ ಎರಡು ಭಾಷೆಗಳು

ಬಾದಾಮಿಗೆ ಬಂದವರು ಗುಹೆಗಳನ್ನು ನೋಡಿ, ಮೆಟ್ಟಿಲ ಮೇಲಿನಿಂದಲೇ ಕೆರೆಯ ಫೋಟೋ ತೆಗೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ಪಟ್ಟದಕಲ್ಲಿನ ದಾರಿ ಹಿಡಿಯುವುದೇ ಹೆಚ್ಚು. ಗುಹೆಗಳು ನೋಡತಕ್ಕವೇ, ಅನುಮಾನವಿಲ್ಲ. ಆದರೆ ಈ ಊರಿನ ನಿಜವಾದ ಗ್ರಂಥ ಅಗಸ್ತ್ಯ ತೀರ್ಥದ ಸುತ್ತಲಿನ ಬಂಡೆಗಳಲ್ಲಿದೆ. ಅದನ್ನು ಓದಲು ಕೆರೆಯನ್ನು ಒಂದು ಸುತ್ತು ನಡೆಯಬೇಕು ಎಂಬುದು ನನ್ನ ಅನಿಸಿಕೆ.

ಎರಡು ಕೆಂಪು ಮರಳುಗಲ್ಲಿನ ಬೆಟ್ಟಗಳ ನಡುವೆ ಮಳೆಯ ನೀರು ಹರಿದುಬಂದು ನಿಲ್ಲುವ ತಾಣವಿದು. ಕೆಳಗೆ ನೀರು, ಮೇಲೆ ಕಡಿದಾದ ಬಂಡೆ: ಕೋಟೆ ಕಟ್ಟುವವನಿಗೆ ಇದಕ್ಕಿಂತ ಹೆಚ್ಚೇನು ಬೇಕು? 543ರಲ್ಲಿ ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ. ಶಕ ವರ್ಷ 465 ಎಂದು ತಿಳಿಸುವ ಅವನ ಶಾಸನ ಬಂಡೆಯ ಮೇಲೆ ಇಂದಿಗೂ ಇದೆ. ಅದರ ಭಾಷೆ ಸಂಸ್ಕೃತ.

ದಕ್ಷಿಣದ ಬೆಟ್ಟದಲ್ಲಿ ನಾಲ್ಕು ಗುಹೆಗಳು. ಮೊದಲನೆಯದರಲ್ಲಿ ಹದಿನೆಂಟು ಕೈಗಳ ನಟರಾಜ, ಕೊನೆಯದರಲ್ಲಿ ಜಿನಬಿಂಬಗಳು. ಮೂರನೆಯದು ಎಲ್ಲಕ್ಕಿಂತ ದೊಡ್ಡದು, ಕಾಲ ಖಚಿತವಾಗಿ ಗೊತ್ತಿರುವಂಥದು. ಮಂಗಲೇಶ ಅಲ್ಲಿ ಕೊರೆಸಿದ ಸಂಸ್ಕೃತ ಶಾಸನ ಶಕ 500ರ, ಅಂದರೆ 578ರ, ಕಾರ್ತಿಕ ಹುಣ್ಣಿಮೆಯದು. ಅಣ್ಣ ಕೀರ್ತಿವರ್ಮನ ಆಳ್ವಿಕೆಯಲ್ಲಿ ವಿಷ್ಣುವಿಗೆ ಮನೆ ಮಾಡಿಸಿದ್ದನ್ನೂ ಅದಕ್ಕೊಂದು ಹಳ್ಳಿಯನ್ನು ದಾನ ಕೊಟ್ಟದ್ದನ್ನೂ ಅದು ಹೇಳುತ್ತದೆ. ಆ ದಾನದಲ್ಲಿ ಬ್ರಾಹ್ಮಣರಿಗೂ ಪರಿವ್ರಾಜಕರಿಗೂ ಪಾಲುಂಟು.

ಅದೇ ಗುಹೆಯ ಬಳಿ ಮಂಗಲೇಶನದೇ ಇನ್ನೊಂದು ಬರಹವಿದೆ. ಚಿಕ್ಕದು, ಕನ್ನಡದ್ದು. ಗುಹಾಲಯವನ್ನು ಅದು ‘ಕಲ್ಮನೆ’ ಎಂದು ಕರೆಯುತ್ತದೆ. ಲಂಜಿಗೇಸರವೆಂಬ ಊರನ್ನು ಕೊಟ್ಟ ಸಂಗತಿ ಇಲ್ಲಿಯೂ ಬರುತ್ತದೆ. ಆದರೆ ಇಲ್ಲಿ ನೆನಪಾಗುವವರು ದೇವರಿಗೆ ಹೂ ಕಟ್ಟುವ ಮಾಲೆಗಾರರು. ಒಬ್ಬನೇ ಅರಸ, ಒಂದೇ ಗುಡಿ. ಕೀರ್ತಿ ಹೇಳಲು ಒಂದು ಭಾಷೆ, ಹೂವಾಡಿಗರ ಪಾಲು ಹೇಳಲು ಇನ್ನೊಂದು. ಕನ್ನಡದ ಅತಿ ಹಳೆಯ ಶಾಸನಗಳ ಸಾಲಿಗೆ ಸೇರುವ ಈ ಬರಹದಲ್ಲಿ ನಮ್ಮ ನುಡಿ ಬಾಯಿ ತೆರೆಯುವುದು ಕೂಲಿಯ ಲೆಕ್ಕಕ್ಕೆ ಎಂಬುದು ನನಗೆ ಹೆಮ್ಮೆಯ ವಿಷಯವಾಗಿ ಕಾಣುತ್ತದೆ. ಹೂ ಕಟ್ಟುವವನಿಗೆ ತನ್ನ ಪಾಲೆಷ್ಟೆಂದು ತಿಳಿಯಬೇಕಾದರೆ ಅದು ಅವನ ಮಾತಿನಲ್ಲೇ ಇರಬೇಕಲ್ಲ!

ಇಲ್ಲಿಂದ ಇಳಿದು ಉತ್ತರದ ದಂಡೆಗೆ ಬನ್ನಿ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಲಜ್ಜಾಗೌರಿಯನ್ನು ನೋಡದೆ ಮುಂದೆ ಹೋಗಬೇಡಿ. ಬೆಟ್ಟವೇರಿದರೆ ಕೆಳಗಿನ, ಮೇಲಿನ ಶಿವಾಲಯಗಳು. ಇನ್ನೊಂದು ಮಗ್ಗುಲಲ್ಲಿ ಮಾಲೆಗಿತ್ತಿ ಶಿವಾಲಯ. ಮಾಲೆಗಿತ್ತಿ ಎಂದರೆ ಮಾಲೆ ಕಟ್ಟುವವಳು. ಹೂವಾಡಿಗರು ಈ ಊರನ್ನು ಬಿಟ್ಟು ಹೋಗಿಲ್ಲ, ಗುಡಿಯ ಹೆಸರಿನಲ್ಲಿ ಉಳಿದುಕೊಂಡಿದ್ದಾರೆ.

642ರ ಸುಮಾರಿಗೆ ಪಲ್ಲವರ ನರಸಿಂಹವರ್ಮ ಈ ಊರನ್ನು ಗೆದ್ದು ‘ವಾತಾಪಿಕೊಂಡ’ ಎನಿಸಿಕೊಂಡ. ಗೆದ್ದವನೂ ಇಲ್ಲಿನ ಬಂಡೆಯ ಮೇಲೆಯೇ ಬರೆಸಿದ. ಅದು ಈಗ ಬಹಳ ಸವೆದುಹೋಗಿದೆ. ಒಂದನೆಯ ವಿಕ್ರಮಾದಿತ್ಯ ರಾಜಧಾನಿಯನ್ನು ಮರಳಿ ಪಡೆಯಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಕೆರೆಯ ಈಶಾನ್ಯಕ್ಕೆ, ಬಂಡೆಯ ಮೈಮೇಲೆ, ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು 700ರದು, ಹತ್ತು ಸಾಲು. ನಡುವೆ ಒಂದು ಸಂಸ್ಕೃತ ಶ್ಲೋಕವಿದ್ದರೂ ಅದರ ಜೀವ ಇರುವುದು ಕನ್ನಡದ ತ್ರಿಪದಿಗಳಲ್ಲಿ. ಇವನು ಅರಸನಲ್ಲ. ಯಾವ ವಂಶಾವಳಿಯನ್ನೂ ಹೇಳದೆ, ಅವನು ಎಂಥ ಮನುಷ್ಯ ಎಂಬುದಷ್ಟನ್ನೇ ಶಾಸನ ಹೇಳುತ್ತದೆ. ಮುಂದೆ ಸರ್ವಜ್ಞನ ಕೈಯಲ್ಲಿ, ಬೀಸುವ ಕಲ್ಲಿನ ಹಾಡುಗಳಲ್ಲಿ ಬೆಳೆದ ಮಟ್ಟು ಇಲ್ಲಿ ಕಲ್ಲಿನಲ್ಲಿ ಮೊದಲು ಕಾಣಿಸುತ್ತದೆ. ಕನ್ನಡ ಸಾಹಿತ್ಯ ಓದುವ ವಿದ್ಯಾರ್ಥಿ ಬಾದಾಮಿಯಲ್ಲಿ ಒಂದನ್ನೇ ನೋಡಬಹುದೆಂದಾದರೆ, ಗುಹೆ ಬಿಟ್ಟಾದರೂ ಇದನ್ನು ನೋಡಲಿ ಎನ್ನುತ್ತೇನೆ.

ಪೂರ್ವದ ದಂಡೆಯ ಭೂತನಾಥ ಗುಡಿಗಳಿಗೆ ಸಂಜೆ ಹೊತ್ತಿಗೆ ಬಂದರೆ ಒಳ್ಳೆಯದು. ಪಶ್ಚಿಮದ ಬಿಸಿಲು ನೀರನ್ನು ದಾಟಿ ಬಂದು ಕಲ್ಲಿನ ಬಣ್ಣವನ್ನೇ ಬದಲಿಸುತ್ತದೆ. ಊರಿನ ಕಡೆಯ ಮೆಟ್ಟಿಲುಗಳಲ್ಲಿ ಬಟ್ಟೆ ಒಗೆಯುವ ಸದ್ದು ಬೆಟ್ಟಕ್ಕೆ ಬಡಿದು ಮರಳುತ್ತದೆ. ಕೈಯಲ್ಲಿ ತಿನಿಸು ಹಿಡಿಯಬೇಡಿ, ಮಂಗಗಳಿವೆ.

ಊಟಕ್ಕೆ ಐದು ಕಿಲೋಮೀಟರ್ ದೂರದ ಬನಶಂಕರಿಗೆ ಹೋಗಬೇಕು. ಪುಷ್ಯ ಹುಣ್ಣಿಮೆಯ ಜಾತ್ರೆಯಲ್ಲಾದರೆ ನಾಟಕ ಕಂಪನಿಗಳೂ ಸಿಗುತ್ತವೆ. ಉಳಿದ ದಿನಗಳಲ್ಲಿ ಗುಡಿಯ ಬಳಿ ಬುಟ್ಟಿ ಹೊತ್ತ ಹೆಂಗಸರು ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಖಾರದ ಚಟ್ನಿ, ಕುಡಿಕೆಯ ಗಟ್ಟಿ ಮೊಸರು ಬಡಿಸುತ್ತಾರೆ. ವಾತಾಪಿಯನ್ನು ಅಗಸ್ತ್ಯರು ಜೀರ್ಣಿಸಿಕೊಂಡ ಕಥೆಯ ಊರಿನಲ್ಲಿ ಹೊಟ್ಟೆ ತುಂಬ ಉಣ್ಣಲು ಅಂಜಬೇಕಿಲ್ಲ.

ಗುಡಿಯ ನೆರಳಿನಲ್ಲಿ ದುಡಿದು ಬದುಕುವ ಈ ಹೆಂಗಸರ ಲೆಕ್ಕವನ್ನು ಯಾವ ಬಂಡೆಯೂ ಬರೆದಿಟ್ಟಿಲ್ಲ. 578ರಲ್ಲಿ ಹೂ ಕಟ್ಟುವವರಿಗೆ ಸಿಕ್ಕ ಆ ಒಂದು ಸಾಲಿನ ಬೆಲೆ ಎಷ್ಟೆಂದು ರೊಟ್ಟಿ ಮುರಿಯುವಾಗ ಅರ್ಥವಾಗುತ್ತದೆ.