ಹೊಸ ಫೋನು ಸಂಜೆಗೇ ಖಾಲಿ: ಮೂರು ರಾತ್ರಿ ಪರೀಕ್ಷಿಸಿ, ಆಮೇಲೆ ಜಗಳಕ್ಕೆ ಇಳಿಯಿರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ಈ ನಾಲ್ಕೂ ಕಡೆ ಮೊಬೈಲ್ ಬಗ್ಗೆ ನಾನು ಹೆಚ್ಚು ಕೇಳುವ ದೂರು ಒಂದೇ: "ಅಣ್ಣಾ, ಫೋನ್ ಹೊಸಾದ ಐತಿ. ಮುಂಜಾನಿ ನೂರು ಇರತೈತಿ, ಸಂಜಿ ಆಗೂದ್ರಾಗ ಸತ್ತ ಹೋಗತೈತಿ. ಬ್ಯಾಟರಿನ ಡುಪ್ಲಿಕೇಟ್ ಇರಬೇಕು ನೋಡು." ಅಂಗಡಿಯವರು "ಸಾಫ್ಟ್‌ವೇರ್ ಅಪ್ಡೇಟ್ ಮಾಡ್ರಿ, ಸರಿ ಆಗತೈತಿ" ಅಂತಾರೆ. ಇಬ್ಬರ ಮಾತೂ ಅಂದಾಜು. ಅಂದಾಜಿನ ಮೇಲೆ ಫೋನ್ ಬದಲಾಗಲ್ಲ, ದುಡ್ಡೂ ವಾಪಸ್ ಬರಲ್ಲ.

ಇದು ಬರೀ ರೀಲ್ಸ್ ನೋಡುವವರ ತಾಪತ್ರಯ ಅಂದುಕೊಳ್ಳಬೇಡಿ. ಉದ್ಯೋಗ ಖಾತರಿ ಕೆಲಸದಲ್ಲಿ ಕೂಲಿಕಾರರ ಹಾಜರಿಯನ್ನು ಎನ್‌ಎಂಎಂಎಸ್ ಆ್ಯಪ್‌ನಲ್ಲಿ ದಿನಕ್ಕೆ ಎರಡು ಸಲ ಫೋಟೊ ಸಮೇತ ದಾಖಲಿಸುವುದನ್ನು ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ಕಡ್ಡಾಯ ಮಾಡಿತು. ಎರಡನೇ ಫೋಟೊ ಹೊತ್ತಿಗೆ ಕಾಯಕ ಬಂಧುವಿನ ಫೋನ್ ಆಫ್ ಆದರೆ ಇಡೀ ಗುಂಪಿನ ಕೂಲಿಗೆ ಕುತ್ತು. ಅಂಗನವಾಡಿ ಕಾರ್ಯಕರ್ತೆಗೆ ಪೋಷಣ್ ಟ್ರ್ಯಾಕರ್ ಇದೆ. ರೈತನಿಗೆ ಹೊಲದಲ್ಲೇ ನಿಂತು ಫೋಟೊ ತೆಗೆಯಬೇಕಾದ ಬೆಳೆ ಸಮೀಕ್ಷೆ ಆ್ಯಪ್ ಇದೆ. ಫೋನ್ ಈಗ ಕೆಲಸದ ಸಲಕರಣೆ. ಹಾಗಾಗಿ ಅದರ ಬ್ಯಾಟರಿ ಯಾಕೆ ಇಳಿಯುತ್ತಿದೆ ಅಂತ ನಾವೇ ಪತ್ತೆ ಹಚ್ಚುವುದನ್ನು ಕಲಿಯಬೇಕು. ತಪ್ಪು ಸೆಟ್ಟಿಂಗ್‌ನದೋ, ಆ್ಯಪ್‌ನದೋ, ನೆಟ್‌ವರ್ಕ್‌ನದೋ, ಫೋನ್ ಕಂಪನಿಯದೋ ಗೊತ್ತಾದರೆ ಯಾರ ಬಾಗಿಲು ತಟ್ಟಬೇಕು ಅನ್ನುವುದೂ ಗೊತ್ತಾಗುತ್ತದೆ.

ಮೊದಲ ಮೂರು ದಿನ ತೀರ್ಪು ಬೇಡ

ಹೊಸ ಫೋನ್ ಆನ್ ಮಾಡಿದ ಮೇಲೆ ಅದಕ್ಕೆ ಮೈತುಂಬ ಕೆಲಸ. ಹಳೆಯ ಫೋನಿನ ವಾಟ್ಸ್ಆ್ಯಪ್ ಬ್ಯಾಕಪ್ ಇಳಿಸಿಕೊಳ್ಳಬೇಕು, ಸಾವಿರಾರು ಫೋಟೊ ಜೋಡಿಸಿಕೊಳ್ಳಬೇಕು, ಆ್ಯಪ್‌ಗಳನ್ನೆಲ್ಲ ಅಪ್ಡೇಟ್ ಮಾಡಬೇಕು. ಇದೆಲ್ಲ ಪರದೆಯ ಹಿಂದೆ ನಡೆಯುತ್ತದೆ, ಫೋನ್ ಬೆಚ್ಚಗಾಗುತ್ತದೆ, ಬ್ಯಾಟರಿ ಸರ್ರನೆ ಇಳಿಯುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಈ ಗದ್ದಲ ಮುಗಿಯುತ್ತದೆ. ಮನೆಯಲ್ಲಿ ವೈಫೈ ಇದ್ದರೆ ಮೊದಲ ರಾತ್ರಿ ಚಾರ್ಜರ್‌ಗೆ ಹಾಕಿ ವೈಫೈನಲ್ಲೇ ಬಿಡಿ, ಬೇಗ ಮುಗಿಯುತ್ತದೆ.

ಆದರೆ ಹದಿನೈದು ದಿನ ಕಾಯುತ್ತಾ ಕೂಡಬೇಡಿ. ಆನ್‌ಲೈನ್‌ನಲ್ಲಿ ಕೊಂಡ ಫೋನಿಗೆ ಬದಲಾವಣೆಯ ಗಡುವು ಸಾಮಾನ್ಯವಾಗಿ ಒಂದು ವಾರದ ಆಸುಪಾಸು. ನಿಮ್ಮ ಆರ್ಡರ್‌ನಲ್ಲಿ ಎಷ್ಟು ದಿನ ಅಂತ ಮೊದಲೇ ನೋಡಿಕೊಳ್ಳಿ. ಮೂರು ದಿನ ಫೋನಿಗೆ ಬಿಡಿ, ನಾಲ್ಕನೇ ರಾತ್ರಿಯಿಂದ ಪರೀಕ್ಷೆ ಶುರು ಮಾಡಿ. ಗಡುವಿನ ಒಳಗೇ ಉತ್ತರ ಕೈಯಲ್ಲಿರುತ್ತದೆ.

ಮೂರು ರಾತ್ರಿಯ ಪರೀಕ್ಷೆ

ಇದಕ್ಕೆ ಯಾವ ಆ್ಯಪ್ಪೂ ಬೇಡ, ಒಂದು ಚೀಟಿ ಪೆನ್ನು ಸಾಕು. ಮೂರೂ ರಾತ್ರಿ ಒಂದೇ ಜಾಗದಲ್ಲಿ, ಸುಮಾರು 80 ಪರ್ಸೆಂಟ್ ಇದ್ದಾಗ, 8 ತಾಸು ಫೋನ್ ಮುಟ್ಟದೆ ಇಡಬೇಕು. ಮಲಗುವಾಗ ಎಷ್ಟಿತ್ತು, ಎದ್ದಾಗ ಎಷ್ಟಿದೆ ಅಂತ ಬರೆದುಕೊಳ್ಳಿ, ಸ್ಕ್ರೀನ್‌ಶಾಟ್ ಕೂಡ ತೆಗೆಯಿರಿ.

ಮೊದಲ ರಾತ್ರಿ: ಏರೋಪ್ಲೇನ್ ಮೋಡ್ ಹಾಕಿ. ವೈಫೈ, ಬ್ಲೂಟೂತ್ ಎರಡೂ ಆಫ್ ಇರಲಿ. ಅಲಾರಾಂ ಹೊಡೆಯುತ್ತದೆ, ಕರೆ ಮಾತ್ರ ಬರುವುದಿಲ್ಲ. ಮನೆಯಲ್ಲಿ ಇನ್ನೊಂದು ಫೋನ್ ಚಾಲೂ ಇರಲಿ.

ಎರಡನೇ ರಾತ್ರಿ: ಏರೋಪ್ಲೇನ್ ಮೋಡ್ ತೆಗೆಯಿರಿ. ಸಿಮ್ ಚಾಲೂ ಇರಲಿ, ಮೊಬೈಲ್ ಡೇಟಾ ಮತ್ತು ವೈಫೈ ಆಫ್ ಇರಲಿ.

ಮೂರನೇ ರಾತ್ರಿ: ಡೇಟಾ ಆನ್ ಮಾಡಿ, ಎಂದಿನಂತೆ ಇಡಿ.

ಈಗ ಲೆಕ್ಕ. ಮೊದಲ ರಾತ್ರಿ 1ರಿಂದ 3 ಪರ್ಸೆಂಟ್ ಇಳಿದರೆ ಬ್ಯಾಟರಿಯೂ ಫೋನೂ ಬಹುತೇಕ ಆರೋಗ್ಯವಾಗಿವೆ. ಎಲ್ಲ ಬಂದ್ ಮಾಡಿದರೂ 8–10 ಪರ್ಸೆಂಟ್ ಹೋದರೆ ಫೋನಿನ ಒಳಗೇ ಏನೋ ಎಡವಟ್ಟಿದೆ. ಎರಡನೇ ರಾತ್ರಿಯ ಇಳಿಕೆಯಲ್ಲಿ ಮೊದಲ ರಾತ್ರಿಯದನ್ನು ಕಳೆಯಿರಿ, ಉಳಿದದ್ದು ನೆಟ್‌ವರ್ಕ್ ತಿಂದದ್ದು. ಮೂರನೆಯದರಲ್ಲಿ ಎರಡನೆಯದನ್ನು ಕಳೆಯಿರಿ, ಅದು ಆ್ಯಪ್‌ಗಳು ತಿಂದದ್ದು. ಮೂರೂ ರಾತ್ರಿ ಸರಿಯಿದ್ದು ಹಗಲಲ್ಲಿ ಮಾತ್ರ ಖಾಲಿಯಾಗುತ್ತಿದ್ದರೆ ಪರದೆ, ಬಿಸಿಲು ಮತ್ತು ಬಳಕೆಯ ಕಡೆ ನೋಡಬೇಕು.

ನೆಟ್‌ವರ್ಕ್ ತಿನ್ನುತ್ತಿದ್ದರೆ

ನಮ್ಮ ನಾಲ್ಕು ತಾಲೂಕುಗಳಲ್ಲಿ ಮೊದಲು ಇದನ್ನೇ ಅನುಮಾನಿಸಿ. ಟವರ್ ದೂರವಾದಷ್ಟೂ ಫೋನ್ ಜೋರಾಗಿ ಕೂಗಬೇಕು, ಅಂದರೆ ಹೆಚ್ಚು ಶಕ್ತಿ ಸುರಿದು ಸಿಗ್ನಲ್ ಕಳಿಸಬೇಕು. ಊರಲ್ಲಿ ನಾಲ್ಕು ಕಡ್ಡಿ ತೋರಿಸುವ ಫೋನ್ ಎರಡು ಊರಿನ ನಡುವಿನ ಹೊಲದಲ್ಲಿ ಒಂದಕ್ಕೆ ಇಳಿಯುತ್ತದೆ. ಕಲ್ಲಿನ ದಪ್ಪ ಗ್ವಾಡಿ, ಮಣ್ಣಿನ ಮಾಳಗಿ ಇರುವ ಹಳೆಯ ಮನೆಯೊಳಗೂ ಅದೇ ಕತೆ. ಭೀಮಾ ದಂಡೆಯ ಊರುಗಳಲ್ಲಿ ಇನ್ನೊಂದು ಸೇರುತ್ತದೆ: ಹೊಳೆ ಆಚೆ ಮಹಾರಾಷ್ಟ್ರದ ಟೆಲಿಕಾಂ ಸರ್ಕಲ್. ಫೋನ್ ಒಮ್ಮೆ ಈ ಕಡೆಯ ಟವರ್, ಒಮ್ಮೆ ಆ ಕಡೆಯ ಟವರ್ ಹಿಡಿಯುತ್ತಾ ಹುಡುಕಾಟದಲ್ಲೇ ದಣಿಯುತ್ತದೆ.

ಕಡ್ಡಿ ನಂಬಬೇಡಿ, ಸಂಖ್ಯೆ ನೋಡಿ. ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನ ಅಬೌಟ್ ಫೋನ್ ಒಳಗೆ ಸಿಮ್ ಸ್ಟೇಟಸ್ ಇರುತ್ತದೆ. ಅಲ್ಲಿ ಸಿಗ್ನಲ್ ಬಲ ಮೈನಸ್ ಸಂಖ್ಯೆಯಲ್ಲಿರುತ್ತದೆ. 4ಜಿಯಲ್ಲಿ ಮೈನಸ್ 85ರ ಆಸುಪಾಸು ಚಲೋ, ಮೈನಸ್ 105 ದಾಟಿದರೆ ದುರ್ಬಲ, ಮೈನಸ್ 115 ದಾಟಿದರೆ ಫೋನ್ ಏದುಸಿರು ಬಿಡುತ್ತಿದೆ ಅಂತ. ಈ ಲೆಕ್ಕದಲ್ಲಿ ಪ್ರತಿ 10 ಇಳಿದರೆ ಸಿಗ್ನಲ್ ಹತ್ತು ಪಟ್ಟು ಕಮ್ಮಿ.

ಪರಿಹಾರ ಸರಳ. 5ಜಿ ಬಂದು ಹೋಗುವ ಕಡೆ ನೆಟ್‌ವರ್ಕ್ ಆಯ್ಕೆಯನ್ನು 4ಜಿಗೆ ನಿಲ್ಲಿಸಿ. ಬಳಸದ ಎರಡನೇ ಸಿಮ್ ಆಫ್ ಮಾಡಿ, ಅದೂ ತನ್ನ ಪಾಡಿಗೆ ಟವರ್ ಹುಡುಕುತ್ತಿರುತ್ತದೆ. ರಾತ್ರಿ ಫೋನನ್ನು ಒಳಕೋಣೆಯಲ್ಲಿಡದೆ ಕಿಟಕಿ ಹತ್ತಿರ ಇಡಿ. ಮನೆಯಲ್ಲಿ ವೈಫೈ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ.

ಊರಿಗೆ ಊರೇ ಮೈನಸ್ 110ರಲ್ಲಿದ್ದರೆ ಅದು ನಿಮ್ಮೊಬ್ಬರ ಫೋನಿನ ಸಮಸ್ಯೆಯಲ್ಲ. ನೆಟ್‌ವರ್ಕ್ ವ್ಯಾಪ್ತಿಯ ನಕ್ಷೆಯನ್ನು ಕಂಪನಿಗಳು ವೆಬ್‌ಸೈಟಿನಲ್ಲಿ ಪ್ರಕಟಿಸಬೇಕು ಅಂತ ಟ್ರಾಯ್‌ನ 2024ರ ಗುಣಮಟ್ಟ ನಿಯಮಗಳು ಹೇಳುತ್ತವೆ. ನಿಮ್ಮ ಊರಿನ ಮೇಲೆ ಬಣ್ಣ ಬಳಿದಿದ್ದಾರಾ ನೋಡಿ. ಬಳಿದಿದ್ದು ಸಿಗ್ನಲ್ ಇಲ್ಲದಿದ್ದರೆ ಹತ್ತು ಮನೆಯ ಸ್ಕ್ರೀನ್‌ಶಾಟ್ ಕೂಡಿಸಿ 198ಕ್ಕೆ ದೂರು ಕೊಡಿ, ದೂರಿನ ಸಂಖ್ಯೆ ಇಸಿದುಕೊಳ್ಳಿ. ಅಲ್ಲಿ ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಗ್ರಾಮ ಸಭೆಯಲ್ಲಿ ರಸ್ತೆ, ಗಟಾರದ ಜೊತೆ ಇದನ್ನೂ ಎತ್ತಿ.

ಆ್ಯಪ್‌ಗಳು ತಿನ್ನುತ್ತಿದ್ದರೆ

ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಯೂಸೇಜ್ ತೆರೆಯಿರಿ. ಯಾವ ಆ್ಯಪ್ ಎಷ್ಟು ತಿಂದಿದೆ ಅಂತ ಪಟ್ಟಿ ಇರುತ್ತದೆ. ಎರಡು ತಾಸು ಯೂಟ್ಯೂಬ್ ನೋಡಿದ್ದರೆ ಅದು ಮೇಲಿರುವುದು ಸಹಜ. ನೀವು ತೆರೆಯದೇ ಇದ್ದ ಆ್ಯಪ್ ಮೇಲಿದ್ದರೆ ಅದೇ ಕಳ್ಳ. ಅದರ ಬ್ಯಾಕ್‌ಗ್ರೌಂಡ್ ಬಳಕೆ ನಿಲ್ಲಿಸಿ, ಲೊಕೇಶನ್ ಅನುಮತಿಯನ್ನು "ಬಳಸುವಾಗ ಮಾತ್ರ" ಅಂತ ಮಾಡಿ.

ಕಮ್ಮಿ ಬೆಲೆಯ ಫೋನ್‌ಗಳಲ್ಲಿ ನೀವು ಕೇಳದ ಆ್ಯಪ್‌ಗಳು ಡಬ್ಬದಿಂದಲೇ ಬಂದಿರುತ್ತವೆ: ಲಾಕ್ ಸ್ಕ್ರೀನ್ ಮೇಲೆ ಸುದ್ದಿ, ಗೇಮ್ ಅಂಗಡಿ, ಜಾಹೀರಾತಿನ ನೋಟಿಫಿಕೇಶನ್. ಫೋನ್ ಬೆಲೆಯಲ್ಲಿ ಬಿಟ್ಟುಕೊಟ್ಟ ಲಾಭವನ್ನು ಜಾಹೀರಾತಿನಲ್ಲಿ ಮರಳಿ ಪಡೆಯುವ ವ್ಯಾಪಾರ ಇದು. ಅದರ ಖರ್ಚು ಬೀಳುವುದು ನಿಮ್ಮ ಡೇಟಾ ಮತ್ತು ಬ್ಯಾಟರಿ ಮೇಲೆ. ತೆಗೆಯಲು ಬಂದರೆ ತೆಗೆಯಿರಿ, ಬರದಿದ್ದರೆ ಡಿಸೇಬಲ್ ಮಾಡಿ. "ಬ್ಯಾಟರಿ ಸೇವರ್", "ಫೋನ್ ಕ್ಲೀನರ್" ಹೆಸರಿನ ಆ್ಯಪ್‌ಗಳನ್ನು ಹೊಸದಾಗಿ ಹಾಕಿಕೊಳ್ಳಬೇಡಿ. ಕಾವಲಿಗೆ ಬಂದವನೇ ಉಂಡು ಮಲಗುತ್ತಾನೆ.

ಸರ್ಕಾರಿ ಆ್ಯಪ್‌ಗಳ ಮಾತೇ ಬೇರೆ. ಬಯಲಲ್ಲಿ ಪರದೆ ಪೂರ್ತಿ ಬೆಳಕಿನಲ್ಲಿ, ಜಿಪಿಎಸ್ ಚಾಲೂ, ಕ್ಯಾಮೆರಾ ಚಾಲೂ, ದುರ್ಬಲ ಸಿಗ್ನಲ್‌ನಲ್ಲಿ ಫೋಟೊ ಅಪ್‌ಲೋಡ್. ಫೋನಿಗೆ ಕೊಡಬಹುದಾದ ಅತಿ ಭಾರದ ಕೆಲಸಗಳೆಲ್ಲ ಒಂದೇ ಹೊತ್ತಿಗೆ. ಈ ಕೆಲಸ ಮುಗಿದ ಕೂಡಲೇ ಆ್ಯಪ್ ಮುಚ್ಚಿ, ಲೊಕೇಶನ್ ಆಫ್ ಮಾಡಿ.

ಬಿಸಿಲು ಮತ್ತು ಪರದೆ

ಲಿಥಿಯಂ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಸುತ್ತಲಿನ ಉಷ್ಣಾಂಶ 35 ಡಿಗ್ರಿಯೊಳಗೆ ಇರಲಿ ಅಂತ ಕಂಪನಿಗಳೇ ಸೂಚಿಸುತ್ತವೆ. ನಮ್ಮ ಏಪ್ರಿಲ್, ಮೇ ತಿಂಗಳ ಹಗಲು 40 ಮುಟ್ಟುತ್ತದೆ. ಅದರ ಮೇಲೆ ಬೈಕ್ ಹ್ಯಾಂಡಲ್‌ಗೆ ಸಿಕ್ಕಿಸಿದ ಫೋನ್, ಕಪ್ಪು ಕವರ್, ಮ್ಯಾಪ್ ಚಾಲೂ. ಬಿಸಿಲಲ್ಲಿ ಆಟೊ ಬ್ರೈಟ್‌ನೆಸ್ ಪರದೆಯನ್ನು ತುದಿಗೆ ಏರಿಸುತ್ತದೆ, ಅದು ಇನ್ನಷ್ಟು ಬಿಸಿ. ಇದರಿಂದ ಆ ದಿನದ ಚಾರ್ಜ್ ಹೋಗುವುದಷ್ಟೇ ಅಲ್ಲ, ಬ್ಯಾಟರಿಯ ಆಯುಷ್ಯವೂ ಸವೆಯುತ್ತದೆ.

ಫೋನನ್ನು ನೆರಳಲ್ಲಿಡಿ, ಬಿಸಿಯಾದಾಗ ಚಾರ್ಜ್‌ಗೆ ಹಾಕಬೇಡಿ, ಚಾರ್ಜ್ ಮಾಡುವಾಗ ಕವರ್ ತೆಗೆಯಿರಿ. ತಣಿಸಲು ಫ್ರಿಜ್‌ನಲ್ಲಿಡಬೇಡಿ, ಒಳಗೆ ನೀರು ಹನಿಗಟ್ಟುತ್ತದೆ. ಪರದೆ 120 ಹರ್ಟ್ಸ್‌ನಲ್ಲಿದ್ದರೆ 60ಕ್ಕೆ ಇಳಿಸಿ. ಅಮೊಲೆಡ್ ಪರದೆಯಾದರೆ ಡಾರ್ಕ್ ಮೋಡ್ ನಿಜಕ್ಕೂ ಉಳಿತಾಯ, ಎಲ್‌ಸಿಡಿಯಾದರೆ ಅಷ್ಟೇನೂ ಇಲ್ಲ.

ಚಾರ್ಜಿಂಗ್: ಹಳೆಯ ನಂಬಿಕೆ, ಹೊಸ ಲೆಕ್ಕ

"ಹೊಸ ಫೋನ್ ಮೊದಲ ಸಲ 8 ತಾಸು ಚಾರ್ಜ್ ಹಾಕಬೇಕು", "ಪೂರ್ತಿ ಖಾಲಿ ಆದಮೇಲೇ ಹಾಕಬೇಕು" ಅನ್ನುವುದು ಹಳೆಯ ನಿಕ್ಕೆಲ್ ಬ್ಯಾಟರಿ ಕಾಲದ ಮಾತು. ಲಿಥಿಯಂಗೆ ಇದು ಬೇಕಿಲ್ಲ. 20ರಿಂದ 80ರ ನಡುವೆ ಆಗಾಗ ಹಾಕಿದರೆ ಅದಕ್ಕೆ ಹಿತ.

5000 ಎಂಎಎಚ್ ಬ್ಯಾಟರಿ ಅಂದರೆ ಸುಮಾರು 19 ವ್ಯಾಟ್-ಅವರ್. ಚಾರ್ಜರ್‌ನಲ್ಲಿ ಪೋಲಾಗುವುದನ್ನು ಸೇರಿಸಿ 25 ಅಂತ ಹಿಡಿದು ದಿನವೂ ಪೂರ್ತಿ ಚಾರ್ಜ್ ಮಾಡಿದರೂ ವರ್ಷಕ್ಕೆ 9 ಯೂನಿಟ್ ಚಿಲ್ಲರೆ. ಅಂದರೆ ನಮ್ಮ ತೊಂದರೆ ಕರೆಂಟಿನ ಬೆಲೆಯದಲ್ಲ, ಕರೆಂಟಿನ ಹೊತ್ತಿನದು. 2400 ಮೆಗಾವ್ಯಾಟ್‌ನ ಎನ್‌ಟಿಪಿಸಿ ಸ್ಥಾವರ ಇರುವುದು ಇದೇ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ. ಆದರೂ ಪಂಪ್‌ಸೆಟ್ ಲೈನನ್ನೇ ನಂಬಿದ ತೋಟದ ವಸ್ತಿಯ ಮನೆಗಳಲ್ಲಿ ಫೋನ್ ಚಾರ್ಜ್ ಮಾಡಲು ಕರೆಂಟಿನ ಪಾಳಿ ಕಾಯಬೇಕು. ಅಂಥವರಿಗೆ 20–80ರ ನಿಯಮ ಹೇಳಿದರೆ ನಗುತ್ತಾರೆ. ಅವರು ಕರೆಂಟ್ ಇದ್ದಾಗ ನೂರು ತುಂಬಿಸಿಕೊಳ್ಳಲಿ, ಜೊತೆಗೊಂದು ಪವರ್ ಬ್ಯಾಂಕ್ ಇಟ್ಟುಕೊಳ್ಳಲಿ.

ಫೋನಿನದೇ ದೋಷವಾದರೆ

ಮೊದಲ ರಾತ್ರಿಯೇ ಹೆಚ್ಚು ಇಳಿದರೆ ಫೋನನ್ನು ಸೇಫ್ ಮೋಡ್‌ನಲ್ಲಿ ಹಾಕಿ ಅದೇ ಪರೀಕ್ಷೆ ಇನ್ನೊಮ್ಮೆ ಮಾಡಿ. ಆಗ ನೀವು ಹಾಕಿಕೊಂಡ ಆ್ಯಪ್‌ಗಳೆಲ್ಲ ಮಲಗಿರುತ್ತವೆ. ಆದರೂ ಇಳಿದರೆ, ಅಥವಾ 30 ಇದ್ದದ್ದು ಏಕಾಏಕಿ ಆಫ್ ಆದರೆ, ತಪ್ಪು ನಿಮ್ಮದಲ್ಲ. ಹಿಂಬದಿ ಉಬ್ಬಿದ್ದರೆ ಬಳಸುವುದನ್ನು ತಕ್ಷಣ ನಿಲ್ಲಿಸಿ, ಒತ್ತಬೇಡಿ, ಚಾರ್ಜ್ ಹಾಕಬೇಡಿ.

ಬಿಲ್, ಡಬ್ಬ, ಮೂರು ರಾತ್ರಿಯ ಸ್ಕ್ರೀನ್‌ಶಾಟ್ ಹಿಡಿದು ಮಾರಿದವರ ಬಳಿ ಹೋಗಿ. ಸರ್ವಿಸ್ ಸೆಂಟರ್‌ಗೆ ಕೊಟ್ಟರೆ ಜಾಬ್ ಶೀಟ್ ಇಲ್ಲದೆ ಫೋನ್ ಬಿಟ್ಟುಬರಬೇಡಿ. ಅದರಲ್ಲಿ "ಬ್ಯಾಟರಿ ಬೇಗ ಖಾಲಿ" ಅಂತ ದೂರು ಬರೆದಿರಲೇಬೇಕು. ಮುದ್ದೇಬಿಹಾಳದವರು ಅದಕ್ಕಾಗಿ ವಿಜಯಪುರಕ್ಕೆ ಹೋಗಿ ಬಂದರೆ ಒಂದು ದಿನದ ಕೂಲಿಯೇ ಹೋಗುತ್ತದೆ, ಹೋದ ದಿನದ ಬಸ್ ಟಿಕೆಟ್ ಕೂಡ ಇಟ್ಟುಕೊಳ್ಳಿ. ಪರಿಹಾರ ಕೇಳುವಾಗ ಬೇಕಾಗುತ್ತದೆ.

ಅಲ್ಲೂ ಕೈ ಚೆಲ್ಲಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಅದರ ಮೇಲೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ದಿಲ್ಲಿಯದಾದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಎರಡು ವರ್ಷದೊಳಗೆ ಕೊಡಬೇಕು. ವಾರಂಟಿ ಮುಗಿದು ಹೊರಗೆ ಬ್ಯಾಟರಿ ಹಾಕಿಸುವುದಾದರೆ ಅದರ ಮೇಲೆ ಬಿಐಎಸ್ ಗುರುತು ಮತ್ತು ಐಎಸ್ 16046 ಅನ್ನುವ ಸಂಖ್ಯೆ ಇದೆಯಾ ನೋಡಿ.

ಕೇಳಬೇಕಾದ್ದು ಇನ್ನೂ ಇದೆ

ಯುರೋಪ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ ಬಂದಿದೆ. ಅಲ್ಲಿ ಮಾರುವ ಫೋನಿನ ಬ್ಯಾಟರಿ 800 ಸಲ ಚಾರ್ಜ್ ಆದಮೇಲೂ ಕನಿಷ್ಠ 80 ಪರ್ಸೆಂಟ್ ಸಾಮರ್ಥ್ಯ ಉಳಿಸಿಕೊಂಡಿರಬೇಕು, ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ಸಿಗಬೇಕು. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ "ರೈಟ್ ಟು ರಿಪೇರ್" ಪೋರ್ಟಲ್ ತೆರೆದಿದೆ. ಪೋರ್ಟಲ್‌ನಲ್ಲಿ ಮಾಹಿತಿ ಸಿಗುತ್ತದೆ. ಕಂಪನಿಯ ಕೈ ಕಟ್ಟಲು ಕಾನೂನು ಬೇಕು.

ಇನ್ನೊಂದು ಪ್ರಶ್ನೆ ಇಲ್ಲೇ, ನಮ್ಮ ಪಂಚಾಯಿತಿ ಮಟ್ಟದ್ದು. ಕಾಯಕ ಬಂಧು ತನ್ನ ಸ್ವಂತ ಫೋನ್, ಸ್ವಂತ ಡೇಟಾ, ಸ್ವಂತ ಬ್ಯಾಟರಿ ಹಾಕಿ ಸರ್ಕಾರದ ಹಾಜರಿ ತೆಗೆಯುತ್ತಿದ್ದರೆ ಅದರ ಖರ್ಚು ಯಾರ ಲೆಕ್ಕಕ್ಕೆ? ಫೋನ್ ಆಫ್ ಆದ ದಿನ ಕಾಗದದ ಹಾಜರಿ ಒಪ್ಪುತ್ತಾರಾ? ಮುಂದಿನ ಗ್ರಾಮ ಸಭೆಯಲ್ಲಿ ಈ ಎರಡನ್ನೂ ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಅಷ್ಟರೊಳಗೆ ಮೂರು ರಾತ್ರಿಯ ಪರೀಕ್ಷೆ ಮುಗಿಸಿರಿ.